ದಿನಕ್ಕೆ ಎರಡು ಗುಳಿಗೆ, ಮೂರು ಜಂಪರ

"ಇಕಿ ಕೈಯಾಗ ಬೆಂಕಿ, ಬಾವಿ ಹಗ್ಗ, ಕತ್ತರಿ ಮೂರೂ ಕೊಡಬ್ಯಾಡ್ರಿ. ಇಕಿ ಕೈಲೆ ಏನೂ ನೀಗೂದಿಲ್ಲ."

ಹೀಗೆಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಆಗ ನನಗೆ ಒಂಬತ್ತು ವರ್ಷ. ಮೂರನೆಯ ಇಯತ್ತೆಯಲ್ಲಿ ಮಗ್ಗಿ ಹೇಳುತ್ತಿದ್ದವಳು ಏಳೆಂಟಲೇ ಐವತ್ತಾರಕ್ಕೆ ಬಂದು ಹಾಗೇ ಬಿದ್ದು ಕೈಕಾಲು ಬಡಿದಿದ್ದೆ. ಮಾಸ್ತರರು ಪಾಟಿಚೀಲದ ಸಮೇತ ಮನೆಗೆ ಕಳಿಸಿದರು, ಮತ್ತೆ ಕರೆಯಲಿಲ್ಲ. ಮಹಾರಾಷ್ಟ್ರದ ಗಡಿಯ ಕೋವಾಡದ ಹತ್ತಿರದ ನಮ್ಮ ಹಳ್ಳಿಯಲ್ಲಿ ಕುರಿ ಸಾಕುವ ಮನೆತನ ನಮ್ಮದು. ಬೆಂಕಿ, ಬಾವಿ, ಕತ್ತರಿ ಮೂರನ್ನೂ ತೆಗೆದರೆ ಹುಡುಗಿಗೆ ಉಳಿಯುವುದು ಕುರಿ ಒಂದೇ. ಕುರಿಗಳ ಹಿಂದೆ ಬಿಟ್ಟರು.

ಬೆಂಕಿ ಮತ್ತು ಬಾವಿಯ ಮಟ್ಟಿಗೆ ಅತ್ತೆಯ ಮಾತು ಸುಳ್ಳಲ್ಲ. ಇವತ್ತಿಗೂ ಒಬ್ಬಳೇ ಇದ್ದಾಗ ನಾನು ಒಲೆ ಹಚ್ಚುವುದಿಲ್ಲ. ಆದರೆ ಕತ್ತರಿಯ ಮಾತು ನನಗೆ ಚುಚ್ಚಿತು. ನನ್ನ ಹಟದ ಬೇರು ಅದೇ.

ಓದುವುದನ್ನು ಕುರಿಗಳ ಹಿಂದೆ ನಡೆಯುತ್ತಲೇ ಕಲಿತೆ. ಸಂತೆಯಿಂದ ಚುರಮುರಿ, ಬೆಲ್ಲ ಕಟ್ಟಿಸಿಕೊಂಡು ಬಂದ ಕಾಗದ ಯಾವುದೂ ನಾನು ಓದದೆ ಒಲೆಗೆ ಹೋಗಲಿಲ್ಲ. ಸುದ್ದಿ ಅರ್ಧಕ್ಕೆ ಹರಿದಿದ್ದರೆ ಉಳಿದರ್ಧ ನಾನೇ ಕಟ್ಟುತ್ತಿದ್ದೆ. ಹೀಗಾಗಿ ಆ ಕಾಲದ ಸುದ್ದಿಗಳಲ್ಲಿ ಯಾವುದು ದೇಶದ್ದು, ಯಾವುದು ನನ್ನದು ಎಂಬುದು ಇವತ್ತಿಗೂ ನನಗೆ ಸ್ಪಷ್ಟವಿಲ್ಲ.

ಮೂರ್ಛೆ ರೋಗದ ಗುಳಿಗೆ ನುಂಗುವವರ ಬದುಕಿನಲ್ಲಿ ನಗೆಪಾಟಲಿನ ಸಂಗತಿಗಳಿಗೆ ಬರವಿಲ್ಲ. ಒಂದು ಮುಗಿಯಿತೆಂದು ಬೆವರು ಒರೆಸಿಕೊಳ್ಳುವುದರೊಳಗೆ ಇನ್ನೊಂದು ಬಂದು ನಿಂತಿರುತ್ತದೆ. ನನ್ನ ವಿಷಯದಲ್ಲಂತೂ ಬೆವರಿನಿಂದಲೇ ಎಲ್ಲ ಶುರುವಾದದ್ದು.

ಸತ್ತ ಇಲಿ

ಮದುವೆಯಾಗಿ ಇಚಲಕರಂಜಿಯ ಮಗ್ಗುಲಿನ ಕಬನೂರಿಗೆ ಬಂದೆ. ಗಂಡ ಪವರ್‌ಲೂಮಿನಲ್ಲಿ ಕೆಲಸಗಾರ. ಅಲ್ಲಿಗೆ ನಾನು ಹೋಗುವಂತಿರಲಿಲ್ಲ. ಬೆಲ್ಟಿಗೆ ಸೆರಗು ಸಿಕ್ಕರೆ ಗಟ್ಟಿಮುಟ್ಟಾದವರೇ ಉಳಿಯುವುದು ಕಷ್ಟ. ಪರಕರ, ಅಂದರೆ ಸೀರೆಯೊಳಗೆ ಉಡುವ ಲಂಗ, ಹೊಲಿಯುವ ಶೆಡ್ಡೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಆರು ಮಷೀನು, ಆರು ಹೆಂಗಸರು, ಒಂದು ಕಿಟಕಿ. ಆ ಕಿಟಕಿಯೂ ಬಟ್ಟೆಯ ಗಂಟುಗಳ ಹಿಂದೆ. ಮೂರ್ಛೆಯ ವಿಷಯ ನಾನು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಕೊಲ್ಹಾಪುರದ ಡಾಕ್ಟರು ಗುಳಿಗೆ ಬದಲಿಸಿದರು. ಹಿಂದಿನ ಮೂರು ತರದ ಗುಳಿಗೆ ಕೈಲಾಗದೆ ಸೋತಿದ್ದವು. ಈ ಹೊಸದು ಬಂದು ಮೂರ್ಛೆಯನ್ನು ಗೂಟಕ್ಕೆ ಕಟ್ಟಿಹಾಕಿತು, ಬೆವರಿನ ಹಗ್ಗ ಬಿಚ್ಚಿ ಬಿಟ್ಟಿತು. ಕೂತರೆ ಬೆವರು, ನಿಂತರೆ ಬೆವರು. ಬೆವರಾದರೂ ಎಲ್ಲರ ಬೆವರಿನಂತೆ ಇದ್ದರೆ ಒಂದು ಮಾತು. ಇದಕ್ಕೆ ಹುಳಿಯೂ ಅಲ್ಲದ, ಹಸಿಯೂ ಅಲ್ಲದ ಬೇರೆಯದೇ ಒಂದು ನಾತ. ಮೊದಮೊದಲು ನನಗೇ ಗೊತ್ತಾಗಲಿಲ್ಲ. ತನ್ನ ವಾಸನೆ ತನ್ನ ಮೂಗಿಗೆ ತಡವಾಗಿ ತಲುಪುತ್ತದೆ.

ಒಂದು ಸೋಮವಾರ ಶೆಡ್ಡಿನ ಮಾಲಕಿಣಬಾಯಿ ಬಾಗಿಲಲ್ಲೇ ಮೂಗು ಮುಚ್ಚಿದಳು.

"ಉಂದೀರ ಮೇಲಾಯ್ ಕುಠಂತರಿ! ಎಲ್ಲೋ ಇಲಿ ಸತ್ತೈತಿ, ಹುಡುಕ್ರಿ!"

ಹುಡುಕಾಟ ಶುರುವಾಯಿತು. ಮೊದಲ ದಿನ ಗಂಟುಗಳನ್ನೆಲ್ಲ ಹೊರಗೆ ಹಾಕಿದೆವು. ಎರಡನೆಯ ದಿನ ಕತ್ತರಿಸುವ ಮೇಜನ್ನು ಎತ್ತಿ ಇಟ್ಟೆವು. ಎಲ್ಲರಿಗಿಂತ ಹುರುಪು ನನಗೆ. ಮೂಲೆಮೂಲೆ ಮೂಸುವುದರಲ್ಲಿ ನಾನೇ ಮುಂದು. ವಿಚಿತ್ರವೆಂದರೆ, ನಾನು ಯಾವ ಮೂಲೆಗೆ ಹೋದರೂ ಅಲ್ಲೇ ವಾಸನೆ ಹೆಚ್ಚು.

ಮಗ್ಗುಲ ಮಷೀನಿನವಳು ಕೂಗಿದಳು: "ಅಕ್ಕನ ಮೂಗು ಭಾಳ ಚುರುಕ ಐತ್ರಿ! ಆಕಿ ಎಲ್ಲಿ ನಿಲ್ಲತಾಳೋ ಅಲ್ಲೇ ಐತಿ ಇಲಿ! ಅಲ್ಲೇ ಅಗೀರಿ!"

ಮೂರನೆಯ ದಿನ ನಾನು ನಿಂತಲ್ಲಿ ಎರಡು ಫರಸಿಕಲ್ಲು ಕಿತ್ತರು. ಇಲಿ ಸಿಗಲಿಲ್ಲ.

ನಾಲ್ಕನೆಯ ದಿನ ತಪಾಸಣೆಗೆಂದು ಕೊಲ್ಹಾಪುರಕ್ಕೆ ಹೋಗಿದ್ದೆ. ಐದನೆಯ ದಿನ ಬಂದಾಗ ಎಲ್ಲರ ಮುಖ ಅರಳಿತ್ತು.

"ಇಲಿ ಹೋತ್ರಿ ಅಕ್ಕಾ! ನಿನ್ನೆ ಒಂದೀಟೂ ನಾತ ಇರಲಿಲ್ಲ."

ನನಗೂ ಸಂತೋಷವಾಯಿತು. ಕೂತು ಹೊಲಿಗೆ ಶುರುಮಾಡಿದೆ. ಹತ್ತು ನಿಮಿಷ ಆಗಿರಬೇಕು. ಒಂದೊಂದೇ ಮಷೀನು ನಿಂತಿತು. ಐದು ಮೂಗುಗಳು ಮೆಲ್ಲಗೆ ನನ್ನ ಕಡೆ ತಿರುಗಿದವು. ನಾನು ರಜೆ ಹಾಕಿದ ದಿನ ಇಲಿಯೂ ರಜೆ ಹಾಕಿತ್ತು.

ಗಲ್ಲಿಗೆಲ್ಲ ಕೇಳಿದ ಗುಟ್ಟು

ಆಮೇಲೆ ನಾನು ಮಾಡದ ಉಪಾಯವಿಲ್ಲ. ದಿನಕ್ಕೆ ಎರಡು ಜಳಕ, ಬೇವಿನ ಎಲೆ ಕುದಿಸಿದ ನೀರು, ಬಗಲಿಗೆ ತುರಟಿ ಎಂಬ ಪಟಿಕ, ತುರಟಿಯ ಮೇಲೆ ಪೌಡರು. ಕಡೆಗೆ ಒಂದು ದಿನ ಅತ್ತರವನ್ನೂ ಹಚ್ಚಿದೆ. ಅತ್ತರದಿಂದ ನಾತ ಹೋಗಲಿಲ್ಲ, ಮದುವೆಯ ಹಂದರಕ್ಕೆ ಟಗರು ಕಟ್ಟಿದಂತಾಯಿತು ಅಷ್ಟೆ.

ಒಂದು ಸಂಜೆ ಗಂಡನನ್ನು ಕೂಡಿಸಿಕೊಂಡು ಕೇಳಿಯೇಬಿಟ್ಟೆ. ನಮ್ಮದು ಸಾಲುಮನೆ. ಗೋಡೆ ಒಂದೇ, ಆಚೆ ಇನ್ನೊಬ್ಬರು. ಮೆಲ್ಲಗೆ ಕೇಳಿದೆ: "ಖರೇ ಹೇಳ್ರಿ. ನಾ ನಾರತೇನೇನು?"

ಮಗ್ಗದವರ ದನಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ನಾಲ್ವತ್ತು ಮಗ್ಗ ಒಮ್ಮೆಲೇ ಬಡಿಯುವ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಪಿಸುಮಾತು ಎಂಬುದೇ ಮರೆತುಹೋಗಿರುತ್ತದೆ. ಅವರ ಕಿವಿಯೂ ಅರ್ಧ ಹೋಗಿರುತ್ತದೆ. ನನ್ನ ಗಂಡ 'ಉಪ್ಪು ಕೊಡು' ಎಂದರೆ ಆಚೆ ಮನೆಯವರು ಉಪ್ಪು ತಂದಿಡುತ್ತಾರೆ.

ಅವರು ನನ್ನ ಕೈ ಹಿಡಿದರು. ಕಣ್ಣಲ್ಲಿ ನೀರು ಬಂದಿತ್ತು. ಜನ್ಮದಲ್ಲೇ ಮೊದಲ ಸಲ ಅಷ್ಟು ಮೃದುವಾಗಿ ಮಾತಾಡಬೇಕೆಂದು ಮನಸ್ಸು ಮಾಡಿದ್ದರೆಂದು ಕಾಣುತ್ತದೆ. ಬಾಯಿ ತೆರೆದರು:

"ನೀ ಎಷ್ಟರ ನಾರು! ನೀ ಬಿದ್ದು ಒದ್ಯಾಡೂದು ನೋಡಕಿಂತ ಈ ನಾತ ನನಗ ಭಾಳ ಛಲೋ ಅನಸತೈತಿ! ಹಿಂಗ ನಾರಕೋತನ ನೂರು ವರ್ಷ ಇರು!"

ಆಚೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದಳು. ಗಂಡ ನನ್ನನ್ನು ಪ್ರೀತಿಸುತ್ತಾರೆಂಬುದೂ, ನಾನು ನಾರುತ್ತೇನೆಂಬುದೂ ಇಡೀ ಗಲ್ಲಿಗೆ ಒಂದೇ ಉಸಿರಿನಲ್ಲಿ ತಿಳಿಯಿತು.

ಬಲಗಾಲಿನದು

ಈಗ ನನ್ನ ತಪ್ಪಿನ ಮಾತು. ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿದೆ. ಗುಳಿಗೆಯಿಂದಲೇ ಈ ನಾತ ಎಂದು ಆಗ ಖಾತ್ರಿ ಇರಲಿಲ್ಲ. ಗುಮಾನಿ ಇತ್ತು. ನಾಲ್ಕು ದಿನಕ್ಕೆ ಬೆವರು ಇಳಿಯಿತು. ಐದನೆಯ ದಿನ ಶೆಡ್ಡಿನಲ್ಲಿ ನನ್ನನ್ನು ನಡುವೆ ಕೂಡಿಸಿಕೊಂಡು ಊಟ ಮಾಡಿದರು. ಒಬ್ಬಳು ತನ್ನ ಡಬ್ಬಿಯ ಹೋಳಿಗೆ ಮುರಿದು ಅರ್ಧ ಕೊಟ್ಟಳು. ಆ ಹೋಳಿಗೆಯ ರುಚಿ ನನಗೆ ಇನ್ನೂ ನೆನಪಿದೆ. ಮನುಷ್ಯರ ನಡುವೆ ಕೂತು ತಿಂದ ರುಚಿ ಅದು.

ಆರನೆಯ ದಿನ ಕತ್ತರಿಸುವ ಮೇಜಿನ ಮುಂದೆ, ಕೈಯಲ್ಲಿ ದೊಡ್ಡ ಕತ್ತರಿ ಹಿಡಿದು ನಿಂತಲ್ಲೇ ಬಿದ್ದೆ. ಕತ್ತರಿ ಎಡಗೈಯನ್ನು ಮೊಣಕೈವರೆಗೆ ಸೀಳಿತು.

ಎಚ್ಚರವಾದಾಗ ಮೂಗಿನ ಬಲಕ್ಕೆ ಒಂದು ಕೊಲ್ಹಾಪುರಿ ಚಪ್ಪಲಿ ಇತ್ತು, ಎಡಕ್ಕೆ ಒಡೆದ ಉಳ್ಳಾಗಡ್ಡಿ. ಮುಷ್ಟಿಯಲ್ಲಿ ಬೀಗದ ಕೈಗಳ ಗೊಂಚಲು. ಕೈಗೆ ಹೊಸ ಪರಕರ ಹರಿದು ಕಟ್ಟಿದ್ದರು. ನನ್ನ ಮೇಲೆ ಜಗಳ ನಡೆದಿತ್ತು.

"ಉಳ್ಳಾಗಡ್ಡಿಲೆ ಎಚ್ಚರಾದಳು!"

"ಉಳ್ಳಾಗಡ್ಡಿ ಮೊದಲ ಹಿಡಿದಿದ್ವಿ, ಏನಾರ ಆತೇನು? ಚಪ್ಪಲಿ ಬಂದ ಕೂಡ್ಲೇ ಕಣ್ಣ ಬಿಟ್ಟಳು!"

ನಿಜ ಹೇಳಬೇಕೆಂದರೆ ಯಾವುದರಿಂದಲೂ ಅಲ್ಲ. ಮೂರ್ಛೆ ತನ್ನ ಹೊತ್ತಿಗೆ ಬರುತ್ತದೆ, ತನ್ನ ಹೊತ್ತಿಗೆ ಹೋಗುತ್ತದೆ. ಆದರೆ ಆ ಚಪ್ಪಲಿ ಹೊಸದು, ಒಳ್ಳೆಯ ಚರ್ಮದ ವಾಸನೆ. ಆ ದಿನಗಳಲ್ಲಿ ನನಗಿಂತ ಎಷ್ಟೋ ಮೇಲು.

ಚಪ್ಪಲಿ ಮಾಲಕಿಣಬಾಯಿಯದು. ಆಕೆ ಕೆಟ್ಟವಳಲ್ಲ. ನನಗಿಂತ ಹೆಚ್ಚು ಅತ್ತಳು. "ನಾಳಿಂದ ಬರಬ್ಯಾಡ ತಾಯಿ. ನಿನಗೇನರ ಆದ್ರ ನಾ ಯಾರಿಗೆ ಮುಖಾ ತೋರಸಲಿ?" ಎಂದಳು. ಹೊರಡುವಾಗ ಓಡಿ ಬಂದು ಕಾಗದದಲ್ಲಿ ಸುತ್ತಿದ ಏನನ್ನೋ ಕೈಗಿಟ್ಟಳು. "ಘರಿ ಠೇವ. ಮನ್ಯಾಗ ಇಟ್ಟಕೋ. ನಿನಗ ಇದರ ಗುಣಾ ಐತಿ."

ಮನೆಗೆ ಬಂದು ಬಿಚ್ಚಿದೆ. ಆ ಚಪ್ಪಲಿ. ಒಂದೇ, ಬಲಗಾಲಿನದು. ಎಡಗಾಲಿನದನ್ನು ನನ್ನ ಮೂಗಿಗೆ ಹಿಡಿದಿರಲಿಲ್ಲವಲ್ಲ, ಅದರಲ್ಲಿ ಔಷಧಿ ಇಲ್ಲವೆಂದು ಆಕೆಯ ಲೆಕ್ಕ.

ನನ್ನ ದಾಖಲಾ

ಕೈಗೆ ಹೊಲಿಗೆ ಹಾಕಿಸಿಕೊಂಡು ಮನೆಯಲ್ಲಿ ಕೂತೆ. ಮತ್ತೆ ಗುಳಿಗೆ ಶುರು, ಮತ್ತೆ ಬೆವರು. ಅತ್ತೆಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು: ಇಕಿ ಕೈಲೆ ಏನೂ ನೀಗೂದಿಲ್ಲ.

ಔಷಧದ ಅಂಗಡಿಯವನು ಪೆಟ್ಟಿಗೆ ಒಡೆದು ಗುಳಿಗೆಯ ಪಟ್ಟಿ ಮಾತ್ರ ಕೊಡುತ್ತಿದ್ದ. ಒಳಗೆ ಎಂಟು ಮಡಿಕೆಯ ಒಂದು ಕಾಗದ ಇರುತ್ತದೆ, ಅದು ಅವನ ಕಸದ ಡಬ್ಬಿಗೆ ಹೋಗುತ್ತಿತ್ತು. ಅಚ್ಚಾದ ಕಾಗದ ಕಸಕ್ಕೆ ಹೋಗುವುದನ್ನು ನೋಡಿ ಸುಮ್ಮನಿರುವವಳಲ್ಲ ನಾನು. ಕೇಳಿ ತೆಗೆದುಕೊಂಡೆ. ಎಲ್ಲ ಇಂಗ್ಲಿಷು, ಇರುವೆಯಷ್ಟು ಅಕ್ಷರ. ರದ್ದಿ ಅಂಗಡಿಯಿಂದ ರಟ್ಟು ಕಳಚಿದ ಒಂದು ಇಂಗ್ಲಿಷ್–ಕನ್ನಡ ನಿಘಂಟು ತಂದೆ. ಬಲಗೈಯಲ್ಲಿ ನಿಘಂಟು, ಪಟ್ಟಿ ಕಟ್ಟಿದ ಎಡಗೈಯಲ್ಲಿ ಕಾಗದ. ಹನ್ನೊಂದು ದಿನ ಓದಿದೆ. ನಾನು ಓದಿದ ಮೊದಲ ಇಂಗ್ಲಿಷ್ ಗ್ರಂಥ ಅದು.

ಓದುತ್ತ ಹೋದಂತೆ ಗುಳಿಗೆಯ ಅಡ್ಡಪರಿಣಾಮಗಳ ಪಟ್ಟಿ ಸಿಕ್ಕಿತು. ಹೊಟ್ಟೆ ತೊಳಸುವುದು, ಕೂದಲು ಉದುರುವುದು, ಕೈ ನಡುಗುವುದು, ನಿದ್ದೆ ಹೆಚ್ಚುವುದು, ನಿದ್ದೆ ಬಾರದಿರುವುದು, ಎಲ್ಲವೂ ನನಗೇ ಇವೆ ಅನ್ನಿಸಿತು. 'ಗಂಡಸರಲ್ಲಿ' ಎಂದು ಶುರುವಾದ ಒಂದು ಸಾಲು ಮಾತ್ರ ಬಿಟ್ಟೆ. ಹತ್ತನೆಯ ದಿನ ಬೆವರು ಸಿಕ್ಕಿತು. ಹನ್ನೊಂದನೆಯ ದಿನ, ಅದರ ಮಗ್ಗುಲಲ್ಲೇ, ಮೈವಾಸನೆ.

ಎಷ್ಟು ಅತ್ತೆನೋ ತಿಳಿಯದು. ನನ್ನ ನಾತ ನನ್ನ ಹೊಲಸಲ್ಲ. ಅಚ್ಚಾಗಿ ಬಂದಿದೆ.

ಮರುದಿನವೇ ಕೊಲ್ಹಾಪುರಕ್ಕೆ ಹೋದೆ. ಡಾಕ್ಟರು ಮರಾಠಿಯವರು, ಗಡಿನಾಡಿನ ರೋಗಿಗಳಿಂದ ಕನ್ನಡ ಕಲಿತವರು. ಮೊದಲು ನನ್ನ ಕೈ ನೋಡಿ ಬೈದರು. "ಬಾಯಿ, ಗುಳಗಿ ನಿಮ್ಮ ಮನಸ್ಸಿಗೆ ಬಂದಂಗ ಬಂದ್ ಮಾಡೂದಲ್ಲ. ಇವತ್ತ ಕೈ ಹೋತು, ನಾಳೆ ಜೀವಾನ ಹೋಗತೈತಿ." ಆಮೇಲೆ ನಾನು ಕಾಗದ ಬಿಡಿಸಿ, ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಹುಡುಕಿಕೊಂಡು ಓದಿದರು, ಇನ್ನೊಮ್ಮೆ ಓದಿದರು.

"ಹೌದ್ರಿ. ಐತಿ."

"ಮೊದಲ ಯಾಕ ಹೇಳಲಿಲ್ರಿ?"

"ನೀವು ಕೇಳಲಿಲ್ಲ. ನಾನೂ ಕೇಳಲಿಲ್ಲ, ತಪ್ಪಾತು." ಅವರು ಒಪ್ಪಿಕೊಂಡದ್ದು ನನಗೆ ಹಿಡಿಸಿತು. "ಸಾವಕಾಶ ಗುಳಗಿ ಬದಲ ಮಾಡಬಹುದು. ಆದ್ರ ಮೊದಲಿನ ಮೂರು ನಿಮಗ ಹತ್ತಲಿಲ್ಲ, ಇದೊಂದ ಹತ್ತೈತಿ. ನೀವ ಹೇಳ್ರಿ."

ನಾನು ಯೋಚಿಸಲು ಕಾಲ ತೆಗೆದುಕೊಳ್ಳಲಿಲ್ಲ. "ನಾರೂ ಕೈಯಾಗ ಕತ್ತರಿ ಹಿಡೀಬಹುದ್ರಿ. ಬೀಳೂ ಕೈಯಾಗ ಆಗೂದಿಲ್ಲ. ಇದ ಇರಲಿ."

ಅವರು ನಕ್ಕು, ಬೇರೆ ರೋಗಿಗಳಿಗೆ ತೋರಿಸಲು ಆ ಕಾಗದ ಕೊಡಿ ಎಂದು ಕೈ ಚಾಚಿದರು. ನಾನು ಮಡಚಿ ರವಿಕೆಯೊಳಗೆ, ನಮ್ಮ ಕಡೆಯ ಮಾತಿನಲ್ಲಿ ಜಂಪರಿನೊಳಗೆ, ಇಟ್ಟುಕೊಂಡೆ.

"ಕೊಡಂಗಿಲ್ರಿ ಡಾಕ್ಟರ್. ಶಾಲಿ ದಾಖಲಾ ನನಗ ಯಾರೂ ಕೊಡಲಿಲ್ಲ. ಇದ ನನ್ನ ದಾಖಲಾ."

ಎಲ್ಲರ ನಾದಿನಿಯರು

ನಾರುವುದು ಗಟ್ಟಿಯಾದ ಮೇಲೆ ಅದಕ್ಕೆ ತಕ್ಕ ವ್ಯವಸ್ಥೆ ಮಾಡಬೇಕಲ್ಲ. ಗಂಡ ಸೈಕಲ್ಲಿನ ಮೇಲೆ ಒಂದು ಹಳೆಯ ಕಾಲುಮಷೀನು ಹೇರಿಕೊಂಡು ತಂದರು. ಮಗ್ಗದಲ್ಲಿ ಉಳಿಯುವ ತುಂಡು ಬಟ್ಟೆ ನಮ್ಮೂರಲ್ಲಿ ಬೇಕಾದಷ್ಟು. ಮೆತ್ತನೆಯ ಹತ್ತಿಬಟ್ಟೆಯನ್ನು ಅರ್ಧಚಂದ್ರದಂತೆ ಕತ್ತರಿಸಿ, ನಾಲ್ಕು ಪದರ ಕೂಡಿಸಿ ಹೊಲಿದು, ಜಂಪರಿನ ಬಗಲಿಗೆ ಗುಂಡಿಯಿಂದ ಸಿಕ್ಕಿಸುವಂತೆ ಮಾಡಿದೆ. ಬೆವರು ಅದಕ್ಕೇ ಕುಡಿಸಿ, ಬಿಚ್ಚಿ, ಬಿಸಿನೀರಲ್ಲಿ ಒಗೆಯುವುದು. ದಿನಕ್ಕೆ ಮೂರು ಸಲ ಜಂಪರ ಬದಲು, ಮೂರು ಜೋಡಿ ಗಾದಿ ಬದಲು. ಬಗಲ ಗಾದಿ ಎಂದು ಹೆಸರಿಟ್ಟೆ.

ಆಚೆ ಮನೆಯವಳು ಒಗೆದು ಹಾಕಿದ್ದನ್ನು ನೋಡಿ ಕೇಳಿದಳು. ಆಕೆಗೆ ಯಾವ ರೋಗವೂ ಇಲ್ಲ, ಮೈ ತುಂಬ ಬೆವರು ಮಾತ್ರ. ಆದರೆ ಹೇಳಿದ್ದು ಹೀಗೆ: "ನನಗಲ್ಲರಿ ಅಕ್ಕಾ. ನಮ್ಮ ನಾದಿನಿಗೆ."

ಆಕೆಯ ಹಿಂದೆ ಇನ್ನೊಬ್ಬಳು. ಆಕೆಗೂ ನಾದಿನಿಗೇ ಬೇಕು. ಆರು ತಿಂಗಳಲ್ಲಿ ನನಗೊಂದು ಸತ್ಯ ತಿಳಿಯಿತು. ಇಚಲಕರಂಜಿಯಲ್ಲಿ ಬೆವರುವವರೆಲ್ಲ ಯಾರದೋ ನಾದಿನಿಯರು. ಅಳತೆ ಕೇಳಿದರೆ ಮಾತ್ರ, "ನನ್ನ ಅಳತೀನ ತಗೋರಿ, ಇಬ್ಬರದೂ ಒಂದ."

ಒಂದು ದಿನ ಮಾಲಕಿಣಬಾಯಿ ಬಂದಳು. ಸೆರಗು ಹೊದ್ದು, ಅತ್ತಿತ್ತ ನೋಡುತ್ತ. "ನಮ್ಮ ನಾದಿನಿ ಸಾಲಿ ಬಾಯಿ. ನಿಂತು ಪಾಠಾ ಹೇಳಬೇಕು, ಪಾಪ. ಆಕಿಗೆ ಒಂದು ಡಜನ್." ಎರಡು ದಿನ ಬಿಟ್ಟು ಒಬ್ಬ ಸಾಲಿ ಬಾಯಿ ಬಂದಳು. "ನಮ್ಮ ವೈನಿ, ಅಣ್ಣನ ಹೇಣತಿ, ಪರಕರದ ಶೆಡ್ ನಡಸ್ತಾಳ. ಒಂದ ಕಿಟಕಿ, ಭಾಳ ಝಳ. ಆಕಿಗೆ ಒಂದು ಡಜನ್."

ಇಬ್ಬರಿಗೂ ಶನಿವಾರ ಸಂಜೆ ಬಂದು ಒಯ್ಯಿರಿ ಎಂದೆ. ಬೇಕೆಂದೇ.

ಇಬ್ಬರೂ ನನ್ನ ಹೊಸ್ತಿಲಲ್ಲಿ ಮುಖಾಮುಖಿಯಾದರು. ಇಬ್ಬರ ಕೈಗೂ ಒಂದೊಂದು ಪೊಟ್ಟಣ ಕೊಟ್ಟೆ. ಒಬ್ಬರನ್ನೊಬ್ಬರು ನೋಡಿದರು, ಪೊಟ್ಟಣ ನೋಡಿದರು. ಮೊದಲು ನಕ್ಕವಳು ಮಾಲಕಿಣಬಾಯಿ. ನಗುನಗುತ್ತ ನನ್ನ ಎಡಗೈ ಹಿಡಿದು, ಕಲೆಯ ಮೇಲೆ ಬೆರಳಾಡಿಸಿ ಹೇಳಿದಳು:

"ಅವತ್ತ ಶೆಡ್ಡಿನ್ಯಾಗ ಇಲಿ ನೀ ಒಬ್ಬಾಕಿನ ಇರಲಿಲ್ಲ ತಾಯಿ. ನಾವೂ ಇದ್ವಿ."

ಟಗರು ಒಳಗ ಬಂದೈತಿ

ಹೋದ ವರ್ಷ ಅತ್ತೆಯ ಕಣ್ಣಿಗೆ ಮೋತಿಬಿಂದು ಬಂತು. ಶಸ್ತ್ರಕ್ರಿಯೆ ಇಚಲಕರಂಜಿಯಲ್ಲಿ, ಇರುವುದು ನಮ್ಮ ಮನೆಯಲ್ಲಿ. ಕತ್ತರಿ ಕೊಡಬೇಡಿ ಎಂದವಳು ನನ್ನ ಮನೆಗೆ, ನಾನು ಕತ್ತರಿಯಿಂದ ಕಟ್ಟಿದ ಮನೆಗೆ ಬರುತ್ತಾಳೆಂದು ನಾನು ಎರಡು ದಿನ ಗೋಡೆಗೆ ಸುಣ್ಣ ಬಳಿಸಿದೆ. ಆದರೆ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಬ್ಬು. ಸುಣ್ಣ ಆಕೆಗೆ ಕಾಣಲೇ ಇಲ್ಲ.

ಮೂರು ದಿನ ಆಕೆಗೆ ನಿದ್ದೆಯಿಲ್ಲ. ಸುತ್ತಲೂ ಮಗ್ಗಗಳ ಖಟಖಟ. ನಾಲ್ಕನೆಯ ಮಧ್ಯಾಹ್ನ ಸ್ವಲ್ಪ ಮಂಪರು ಹತ್ತಿತ್ತು. ನಾನು ಚಹಾ ಹಿಡಿದು ಹತ್ತಿರ ಹೋದೆ. ಬಿಸಿಲು ಕಡು, ಎರಡನೆಯ ಜಂಪರ ಬದಲಿಸುವ ಹೊತ್ತು ಮೀರಿತ್ತು.

ಅತ್ತೆ ದಿಗ್ಗನೆ ಎದ್ದು ಕೂತಳು. "ಹಚಾ! ಹಚಾ! ಟಗರು ಒಳಗ ಬಂದೈತಿ! ಯಾರರ ಬಾಗಲಾ ತಗೀರಿ!" ಎನ್ನುತ್ತ ಬಡಿಗೆ ಎತ್ತಿ ನನ್ನ ಹೊಟ್ಟೆಗೆ ತಿವಿದಳು.

"ಅತ್ತಿ, ನಾನs! ಚಹಾ ಚೆಲ್ಲತೈತಿ!"

"ನೀನಾ? ನೀ ಎಲ್ಲಿದ್ದಿ ಮಗಳ? ಟಗರಿನ ಹಿಂದ ಸಿಕ್ಕೊಂಡಿಯೇನು? ತಡಿ, ಬಡಿತೇನಿ ಅದನ್ನ!"

ಕೂಡಿಸಿ ಎಲ್ಲ ಹೇಳಿದೆ. ಗುಳಿಗೆ, ಬೆವರು, ಇಲಿ, ಚಪ್ಪಲಿ. ಅತ್ತೆ ಬಡಿಗೆ ಕೆಳಗಿಟ್ಟಳು.

"ಎಷ್ಟ ವರ್ಷಾತು ನೀ ಬಿದ್ದು?"

"ಏಳು."

"ಏಳ ವರ್ಷ ಬಿದ್ದೇ ಇಲ್ಲ?" ತಡಕಾಡಿ ನನ್ನ ಕೈ ಹಿಡಿದಳು. ಬೆರಳುಗಳಲ್ಲಿ ಕತ್ತರಿಯ ಜಡ್ಡು ಸಿಕ್ಕಿತು. ಅದನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಕುರಿಯ ಹಲ್ಲು ನೋಡಿ ವಯಸ್ಸು ಹೇಳುವವರ ಹಾಗೆ. ಆಮೇಲೆ, "ನೀ ಸಣ್ಣಾಕಿದ್ದಾಗ ಬಾವಿ ಕಟ್ಟಿ ಮ್ಯಾಲ ಬಿದ್ದಿದ್ದಿ. ನಾನ ಎಳದಿದ್ದೆ. ಅವತ್ತಿನಿಂದ ನನ್ನ ಎದಿಯಾಗ ಒಂದ ಹೆದರಿಕಿ. ನನ್ನ ಬಾಯಿ ಕೆಟ್ಟದ್ದು, ಮಗಳ," ಎಂದಳು.

ಈ ಬಾವಿಯ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. "ಜಂಪರ ಬದಲಿಸಿ ಬರ್ತೇನಿ ಅತ್ತಿ," ಎಂದು ಎದ್ದೆ.

ಸೆರಗು ಹಿಡಿದು ಎಳೆದಳು. "ಎಲ್ಲಿ ಹೋಗ್ತಿ? ಇಲ್ಲೇ ಕುಂದರು. ಕುರಿ ಮಗ್ಗಲ ಇಲ್ಲದ ಮೂರು ದಿನಾತು ನನಗ ನಿದ್ದಿಲ್ಲ."

ನನ್ನ ತೊಡೆಯ ಮೇಲೆ ತಲೆಯಿಟ್ಟು ಸಂಜೆಯವರೆಗೆ ಗೊರಕೆ ಹೊಡೆದಳು. ಕಣ್ಣಿನ ಡಾಕ್ಟರು ನಿದ್ದೆಗೆಂದು ಕೊಟ್ಟಿದ್ದ ಗುಳಿಗೆ ಹಾಗೇ ಉಳಿಯಿತು. ಮುಂದಿನ ಹದಿನೈದು ದಿನ ಆಕೆಯ ಗುಳಿಗೆ ನಾನೇ.

ಗಡಹಿಂಗ್ಲಜದಲ್ಲಿ ಕತ್ತರಿ

ಅತ್ತೆಯನ್ನು ಊರಿಗೆ ಬಿಡಲು ಹೊರಟೆವು. ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಬಸ್ ಬದಲಿಸಬೇಕು. ಅತ್ತೆಗೆ ಕರಿಯ ಕನ್ನಡಕ, ಕೈಯಲ್ಲಿ ಬಡಿಗೆ. ನನ್ನ ಹೆಗಲಿಗೆ ಅಲ್ಲಿನ ಅಂಗಡಿಯೊಂದಕ್ಕೆ ಕೊಡಬೇಕಾದ ಗಾದಿಗಳ ಗಂಟು, 'ದಾರಿಯಲ್ಲಿ ಬೇಕಾದೀತು' ಎಂದು ಗಂಟಿನಲ್ಲೊಂದು ಕತ್ತರಿ. ಮಟಮಟ ಮಧ್ಯಾಹ್ನ. ಮುಂಜಾನೆ ತೊಟ್ಟ ಜಂಪರವನ್ನು ಬಸ್ಸಿನಲ್ಲಿ ಬದಲಿಸುವುದು ಹೇಗೆ?

ಎದುರಿನ ಬಾಕಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ತಾಯಿಯ ಜೊತೆ ಕೂತಿದ್ದಳು. ನೋಡನೋಡುತ್ತ ಒಂದು ಕಡೆ ವಾಲಿ ಕೆಳಗೆ ಬಿದ್ದಳು. ಕೈಕಾಲು ಸೆಟೆದವು. ನನಗೆ ಗೊತ್ತಾಯಿತು. ಅದನ್ನು ನಾನು ಒಳಗಿನಿಂದ ಬಲ್ಲೆ, ಹೊರಗಿನಿಂದ ನೋಡಿದ್ದು ಅದೇ ಮೊದಲು.

ಜನ ಮುತ್ತಿತು. ಕಂಡಕ್ಟರ್ ಚಪ್ಪಲಿ ಬಿಚ್ಚಿದ. ಭೇಳದ ಗಾಡಿಯವನು ಉಳ್ಳಾಗಡ್ಡಿ ಒಡೆದುಕೊಂಡು ಓಡಿ ಬಂದ. ಯಾರೋ ಬೀಗದ ಕೈ ಎಸೆದರು.

"ಚಪ್ಪಲಿ ತಗೀರಿ! ಬಾಯಾಗ ಏನೂ ಹಾಕಬ್ಯಾಡ್ರಿ! ಕೈಕಾಲು ಹಿಡೀಬ್ಯಾಡ್ರಿ!" ನಾನು ಕಿರುಚಿದೆ. ಗಾದಿಗಳ ಗಂಟಿನಿಂದ ಒಂದು ಹಿಡಿ ತೆಗೆದು ಅವಳ ತಲೆಯಡಿ ಇಟ್ಟೆ. ಜನ ಸರಿಯಲೊಲ್ಲರು. ಆಗ ಅತ್ತೆ ಎದ್ದಳು. ಎಪ್ಪತ್ತು ವರ್ಷ ಕುರಿ ಕಾಯ್ದ ಗಂಟಲು. "ಹಚಾ! ಹ್ರ್ರಾ! ಹಿಂದ! ಹಿಂದ ಸರೀರಿ!" ಬಡಿಗೆ ನೆಲಕ್ಕೆ ಕುಟ್ಟುತ್ತ ಒಂದು ಸುತ್ತು ಬಂದಳು. ಕಂಡಕ್ಟರನ ಸಮೇತ ಗಡಹಿಂಗ್ಲಜದ ಅಷ್ಟೂ ಜನ ಮುದ್ದೆಯಾಗಿ ಒಂದು ಕಂಬದ ಹಿಂದೆ ಹೋಗಿ ನಿಂತರು.

ಎರಡು ನಿಮಿಷಕ್ಕೆ ಒದ್ದಾಟ ನಿಂತಿತು. ಹುಡುಗಿಯನ್ನು ಮಗ್ಗುಲಾಗಿ ಹೊರಳಿಸಿ, ಬಿಸಿಲು ಬೀಳದಂತೆ ಮೇಲೆ ಬಾಗಿ ಸೆರಗು ಹಿಡಿದೆ. ಬೆವರು ನನ್ನಿಂದ ಧಾರೆಯಾಗಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹುಡುಗಿ ಮೂಗು ಮುದುರಿದಳು. ಕಣ್ಣು ಬಿಟ್ಟಳು.

ಕಂಬದ ಹಿಂದಿನಿಂದ ಉದ್ಗಾರ ಬಂತು. "ಶುದ್ಧಿ ಬಂತು! ಆ ಬಾಯಿ ಏನೋ ಮೂಸಸಿದಳು!"

ತಾಯಿ ನನ್ನ ಎರಡೂ ಕೈ ಹಿಡಿದಳು. "ಏನ್ ಔಷಧರಿ ಅಕ್ಕಾ ಅದು? ಒಂದೀಟು ನಮಗೂ ಕೊಡ್ರಿ, ಮನ್ಯಾಗ ಇಟ್ಟಕೋತೇವಿ."

ಅದು ಔಷಧವಲ್ಲ, ಮೂರ್ಛೆ ತಾನಾಗಿಯೇ ಹೋಯಿತು ಎಂದು ನಾನು ಹೇಳುವುದರೊಳಗೆ ಅತ್ತೆ ಎದೆ ಸೆಟೆಸಿ ಉತ್ತರ ಕೊಟ್ಟಾಗಿತ್ತು: "ಅದು ಬಾಟ್ಲ್ಯಾಗ ಸಿಗೂದಿಲ್ಲವಾ. ನಮ್ಮ ಹುಡುಗಿನ್ನs ಕರಕೊಂಡ ಹೋಗಬೇಕು."

ಹುಡುಗಿಗೆ ಪೂರ್ತಿ ಎಚ್ಚರವಾಗಿ ಗೋಡೆಗೆ ಆತು ಕೂತ ಮೇಲೆ ಕಿವಿಯಲ್ಲಿ ಕೇಳಿದೆ. "ಗುಳಗಿ ಬಿಟ್ಟಿದ್ದಿ ಏನು?"

ತಲೆ ತಗ್ಗಿಸಿದಳು. "ನಾಕ ದಿನಾತ್ರಿ. ಮೈ ನಾರತೈತಿ ಅಂತ ಬಸ್ಸಿನ್ಯಾಗ ನನ್ನ ಬಾಜೂಕ ಯಾರೂ ಕುಂದರೂದಿಲ್ರಿ."

"ನನ್ನ ಬಾಜೂಕ ಕುಂದರು. ನೋಡೂಣು ಯಾರು ಹೆಚ್ಚಂತ."

ನಕ್ಕಳು. ಎರಡು ಜೋಡಿ ಗಾದಿ ಕೈಗಿಟ್ಟು, ಸಿಕ್ಕಿಸುವುದು ಹೇಗೆಂದು ತೋರಿಸಿದೆ. ಇವತ್ತೇ ಡಾಕ್ಟರ ಹತ್ತಿರ ಹೋಗಿ ಬಿಟ್ಟದ್ದನ್ನೂ ಬೆವರನ್ನೂ ಎರಡನ್ನೂ ಹೇಳು, ನಾಚಬೇಡ, ಅದು ಅಚ್ಚಾಗಿರುವ ಸಂಗತಿ ಎಂದೆ.

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾಲೇಜ ಬಿಡಸೂದ ಛಲೋರಿ ಅಕ್ಕಾ. ಇಂಥಾಕಿ ಕೈಲೆ ಏನ್ ನೀಗತೈತಿ?"

ಅತ್ತೆಯ ಕಡೆ ನೋಡಿದೆ. ಕರಿಯ ಕನ್ನಡಕದ ಹಿಂದೆ ಏನಾಯಿತೋ ಕಾಣಲಿಲ್ಲ. ಆಕೆ ನನ್ನ ಗಂಟಿಗೆ ಕೈ ಹಾಕಿ, ತಡಕಾಡಿ, ಕತ್ತರಿ ಎಳೆದು ತೆಗೆದು, ಆಗತಾನೇ ಎದ್ದು ಕೂತ ಆ ಹುಡುಗಿಯ ಕೈಗೆ ಗಟ್ಟಿಯಾಗಿ ಕೊಟ್ಟಳು.

"ಹಿಡಿಯವಾ! ಇಂಥಾ ಹುಡುಗ್ಯಾರ ಕೈಯಾಗ ಕತ್ತರಿ ಕೊಡಬೇಕ್ರಿ! ಎಲ್ಲಾ ನೀಗತೈತಿ!"

ಹುಡುಗಿಯ ಕೈ ಇನ್ನೂ ನಡುಗುತ್ತಿತ್ತು. ನಾನು ಹಾರಿ ಬಿದ್ದು ಕತ್ತರಿ ಕಿತ್ತುಕೊಂಡೆ.

"ಅತ್ತಿ! ಇವತ್ತ ಬ್ಯಾಡ! ಇಕಿ ಕೈಯಾಗ ಕತ್ತರಿ ಕೊಡಬ್ಯಾಡ!"

ಅತ್ತೆ ಬಡಿಗೆ ಊರಿ ನಿಂತು, ಕಂಬದ ಹಿಂದಿನ ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದಳು: "ನೋಡ್ರಿ, ನಮ್ಮ ಹುಡುಗಿ ಈಗ ಥೇಟ್ ನನ್ನಂಗ ಮಾತಾಡಾಕತ್ಯಾಳ!"

ಈಗ ನನ್ನ ಹತ್ತಿರ ಐದು ಹೊಲಿಗೆ ಮಷೀನು, ಏಳು ಕತ್ತರಿ, ಎರಡು ಕಿಟಕಿಯ ಒಂದು ಶೆಡ್ಡು, ರಟ್ಟಿಲ್ಲದ ಒಂದು ನಿಘಂಟು, ಎಂಟು ಮಡಿಕೆಯ ಒಂದು ದಾಖಲಾ ಮತ್ತು ಬಲಗಾಲಿನ ಒಂದು ಕೊಲ್ಹಾಪುರಿ ಚಪ್ಪಲಿ ಇವೆ. ಇಷ್ಟಕ್ಕೂ ನಾನು ತೆತ್ತದ್ದು ಎಡಗೈ ಮೇಲೆ ಒಂದು ಗೇಣುದ್ದದ ಕಲೆ, ದಿನಕ್ಕೆ ಎರಡು ಗುಳಿಗೆ, ಮೂರು ಜಂಪರ.